ಗುರುವಾರದ ಮನೆ

ನಮ್ಮ ಗಣಿತದ ವೆಂಕಣ್ಣ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಪಾಠ ಮಾಡುತ್ತಿದ್ದರು. ರುಮಾಲನ್ನು ಮೇಜಿನ ಮೇಲಿಟ್ಟು ಕುರ್ಚಿಗೆ ಒರಗಿ, ನಾವು ಬೋರ್ಡಿನ ಮೇಲೆ ಬರೆಯುತ್ತ ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಳ್ಳುತ್ತಿದ್ದರು. ನಿದ್ದೆ ಹೋದರು ಎಂದು ನಾವು ಪಿಸುಗುಟ್ಟುವಷ್ಟರಲ್ಲಿ, ತಪ್ಪು ಬಂದ ಜಾಗಕ್ಕೆ ಸರಿಯಾಗಿ, "ಇನ್ನೊಂದ್ಸಲ" ಎನ್ನುತ್ತಿದ್ದರು. ಆ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚು. ಒಂದು ಸೋಮವಾರ ಎಣಿಸಿದೆ. ಒಂದೇ ಪೀರಿಯಡ್ಡಿನಲ್ಲಿ ಹದಿನೇಳು ಸಲ. ಅಂಥವನ್ನೆಲ್ಲ ದಿನಚರಿಯಲ್ಲಿ ಬರೆದಿಡುವುದು ಆಗಲೇ ನನಗೆ ಅಭ್ಯಾಸವಾಗಿತ್ತು.

ಆ ವರ್ಷ ಗಣಿತದಲ್ಲಿ ಫಂಕ್ಷನ್ನಿನ ಪಾಠ. ಪುಸ್ತಕದ ಇಂಗ್ಲಿಷ್ ಯಾರ ತಲೆಗೂ ಹೋಗಲಿಲ್ಲ. ಮೇಷ್ಟ್ರು ಬೋರ್ಡಿನ ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ ಬರೆದು, ಎಡದಿಂದ ಬಲಕ್ಕೆ ಗೆರೆಗಳನ್ನು ಎಳೆದು, ಮತ್ತೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

"ನೋಡ್ರಪ್ಪ, ಬಲಗಡೆಯೋನ ಹತ್ರ ಎಷ್ಟು ಜನ ಬೇಕಾದ್ರೂ ಬರ್ಲಿ. ಎಡಗಡೆಯೋನು ಮಾತ್ರ ಇಬ್ಬರ ಹತ್ರ ಹೋಗ್ಬಾರ್ದು. ಎಲ್ಲೂ ಹೋಗ್ದೆ ಕೂರೋ ಹಾಗೂ ಇಲ್ಲ."

ಹಿಂದಿನ ಬೆಂಚಿನ ನಂಜುಂಡ ಎದ್ದ. "ಸಾರ್, ನಮ್ಮ ಚಿಕ್ಕಪ್ಪಂಗೆ ಇಬ್ರು ಹೆಂಡ್ತೀರು."

"ಹಾಗಾದ್ರೆ ನಿಮ್ಮ ಚಿಕ್ಕಪ್ಪ ಫಂಕ್ಷನ್ ಅಲ್ಲ. ಕೂತ್ಕೊ."

ಕಣ್ಣು ತೆರೆಯದೆಯೇ ಹೇಳಿದರು. ತರಗತಿಯೆಲ್ಲ ನಕ್ಕಿತು. ಆ ಪಾಠ ಅಂದೇ ಅರ್ಥವಾಯಿತು.

ನಾನು ಆಗ ವಾರಾನ್ನದ ಹುಡುಗ. ಚಾಮರಾಜಪೇಟೆಯ ಒಂದು ಛತ್ರದಲ್ಲಿ ಮಲಗುವುದು, ದಿನಕ್ಕೊಂದು ಮನೆಯಲ್ಲಿ ಉಣ್ಣುವುದು. ಶಾಲೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಮರುದಿನ ಮೇಷ್ಟ್ರು ನನ್ನನ್ನು ಬೋರ್ಡಿಗೆ ಕರೆದು, "ನಿನ್ನ ವಾರದ ಪಟ್ಟಿ ಬರಿ. ಎಡಗಡೆ ದಿನ, ಬಲಗಡೆ ಮನೆ" ಎಂದರು.

ಬರೆದೆ. ಭಾನುವಾರ, ಬುಧವಾರ ಎರಡೂ ಒಂದೇ ಮನೆ, "ಅಡ್ಡಿಯಿಲ್ಲ" ಎಂದರು. ಗುರುವಾರದ ಎದುರು ಕೈ ತಡೆಯಿತು. ಆ ಮನೆಯವರು ಮೈಸೂರಿಗೆ ವರ್ಗವಾಗಿ ಹೋಗಿ ಮೂರು ವಾರವಾಗಿತ್ತು. ಮೂರು ಗುರುವಾರ ನಾನು ನೀರು ಕುಡಿದು ಶಾಲೆಗೆ ಬಂದಿದ್ದೆ. ಇನ್ನೊಂದು ಮನೆ ಕೇಳಲು ನಾಚಿಕೆ. ಕೇಳಿ ಇಲ್ಲವೆನ್ನಿಸಿಕೊಳ್ಳುವುದು ಇನ್ನೂ ನಾಚಿಕೆ. ಹಳೆಯ ಮನೆಯ ಹೆಸರನ್ನೇ ಬರೆದು ಗಟ್ಟಿಯಾಗಿ ಓದಿದೆ.

"ಇನ್ನೊಂದ್ಸಲ."

ಮತ್ತೆ ಓದಿದೆ. ಮೇಷ್ಟ್ರು ಕಣ್ಣು ತೆರೆದರು. ಅವರು ದನಿ ತಗ್ಗಿಸಿದ್ದರಿಂದ ಬೋರ್ಡಿನ ಹತ್ತಿರವಿದ್ದ ನನಗಷ್ಟೇ ಕೇಳಿಸಿತು. "ಆ ಮನೆ ಹುಡುಗನ ಹೆಸರು ಹಾಜರಿ ಪುಸ್ತಕದಿಂದ ನಾನೇ ಹೊಡೆದು ಹಾಕಿದೀನಿ. ಊಟಕ್ಕೆ ಮೈಸೂರಿಗೆ ನಡ್ಕೊಂಡು ಹೋಗ್ತೀಯೇನೋ?"

ಅವರು ಎದ್ದು, ಕೋಟಿನ ತೋಳಿನಿಂದಲೇ ಆ ಸಾಲನ್ನು ಒರಸಿದರು. "ನಮ್ಮನೆ ಅಂತ ಬರ್ಕೊ. ಇಲ್ಲಿ ಬೇಡ, ನಿನ್ನ ಪುಸ್ತಕದಲ್ಲಿ."

ಮೇಷ್ಟ್ರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ತುಮಕೂರಿನಲ್ಲಿ. ಬೆಳಿಗ್ಗೆ ನಾಲ್ಕು ಹುಡುಗರಿಗೆ ಮನೆಪಾಠ ಹೇಳಿ, ಆಮೇಲೆ ಒಲೆ ಹಚ್ಚಿ ಅವರೇ ಅಡಿಗೆ ಮಾಡುತ್ತಿದ್ದರು. ಅನ್ನ, ತೊವ್ವೆ, ಒಂದು ಸಾರು. ಬಡಿಸಿ ಗೋಡೆಗೆ ಒರಗಿದರೆ ಅಲ್ಲೇ ಕಣ್ಣು ಮುಚ್ಚುತ್ತಿತ್ತು. ಪ್ರತಿ ಗುರುವಾರವೂ ಅದೇ ಪ್ರಶ್ನೆ: "ಉಪ್ಪು ಹಾಕಿದ್ನೇನೋ?"

"ಹಾಕಿದೀರಿ ಸಾರ್."

ಅವರ ಕೈಯಡಿಗೆ ಉಂಡದ್ದು ನಲವತ್ತೊಂದು ಗುರುವಾರ. ಅದರಲ್ಲಿ ಹನ್ನೆರಡು ಸಲ ಸಾರಿಗೆ ಉಪ್ಪಿರಲಿಲ್ಲ. ಎಲೆಯ ತುದಿಗೆ ಉಪ್ಪು ಬಡಿಸುವುದೂ ಮರೆತಿರುತ್ತಿತ್ತು. ಅವರ ಊಟ ನಾನೆದ್ದ ಮೇಲೆ. ಸಪ್ಪೆ ಎಂದರೆ ಆ ಮನುಷ್ಯ ಮತ್ತೆ ಏಳಬೇಕಲ್ಲ ಎಂದು ನಾನು ಒಂದು ಸಲವೂ ಹೇಳಲಿಲ್ಲ. ಒಂದು ದಿನದ ಮಟ್ಟಿಗೆ ಸಿಕ್ಕ ಮನೆ ತಪ್ಪಿಹೋದೀತು ಎಂಬ ಭಯವೂ ಇತ್ತು.

ಮುಂದಿನ ವರ್ಷ ಅವರ ಕಣ್ಣು ಮಂಜಾಯಿತು. ಬೋರ್ಡಿನ ಮೇಲೆ ಒಂದು ಯಾವುದು, ಏಳು ಯಾವುದು ತಿಳಿಯದಾಯಿತು. ಮಗಳು ಬಂದು ತುಮಕೂರಿಗೆ ಕರೆದಳು. ಹೊರಡುವ ಹಿಂದಿನ ದಿನ, ಬುಧವಾರ, ನನ್ನನ್ನು ಮನೆಗೆ ಕರೆಸಿದರು. ಹಾಸಿಗೆ ಸುರುಳಿ ಸುತ್ತಿ, ಅದರ ಮೇಲೇ ಕುಳಿತಿದ್ದರು.

"ಬರ್ಕೊ. ಗುರುವಾರ, ಬಸವನಗುಡಿ ಸಾವಿತ್ರಮ್ಮನೋರ ಮನೆ."

ಬರೆದುಕೊಂಡೆ.

"ಓದು."

ಓದಿದೆ.

"ಇನ್ನೊಂದ್ಸಲ."

ಓದಿದೆ. "ಸರಿ, ಯಾವ ದಿನಾನೂ ಖಾಲಿ ಇಲ್ಲ. ಇನ್ನು ಹೋಗು" ಎಂದು ಕಣ್ಣು ಮುಚ್ಚಿದರು. ನಮಸ್ಕಾರ ಮಾಡಿದ್ದನ್ನು ಅವರು ನೋಡಿದರೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಅವರನ್ನು ನಾನು ಕಾಣಲಿಲ್ಲ.

ಮರುದಿನ ಅವರ ಜಟಕಾ ಸ್ಟೇಷನ್ ಕಡೆ ಹೊರಟ ಹೊತ್ತಿಗೆ ನಾನು ಸಾವಿತ್ರಮ್ಮನವರ ಮನೆಯಲ್ಲಿ ಎಲೆಯ ಮುಂದಿದ್ದೆ. ಆಕೆ ಉಪ್ಪಿನ ಮರದ ಬಟ್ಟಲು ಹಿಡಿದು ನಿಂತೇ ಇದ್ದರು.

"ನಿಮ್ಮ ಮೇಷ್ಟ್ರು ಅಷ್ಟು ದೂರದಿಂದ ಕೋಲೂರ್ಕೊಂಡು ಬಂದಿದ್ರಪ್ಪ. ಹುಡುಗ ಉಪ್ಪಿಲ್ಲದಿದ್ರೂ ಇದೆ ಅಂತಾನೆ, ನೀವೇ ಕೇಳಿ ಹಾಕಿ ಅಂದ್ರು. ಹಾಕ್ಲಾ?"

ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು.

"ಸ್ವಲ್ಪ ಹಾಕಿ ಅಮ್ಮ" ಎಂದೆ.