ಇಪ್ಪತ್ತು ಡಾಲರಿನ ವಾದ

ಆಯುಧಪೂಜೆ ಮಾಡಿದ್ದರಿಂದಲೇ ಭಾವನ ಕೈ ಉಳಿಯಿತು ಎಂಬುದು ನಮ್ಮ ಮನೆಯ ಕಥೆ. ಫ್ರೀಮಾಂಟಿನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಅಕ್ಕ ಇದನ್ನು ಹೇಳುತ್ತಾಳೆ, ಕೇಳಿದವರು ಕೆನ್ನೆ ಬಡಿದುಕೊಳ್ಳುತ್ತಾರೆ. ಮೈಸೂರಿನಲ್ಲಿ ಓದುವಾಗ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಒಂದಾದ ಮೇಲೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣ ಅನ್ನಬಾರದು ಎಂದು ಎಷ್ಟೋ ಎದುರಾಳಿಗಳ ಬಾಯಿ ಮುಚ್ಚಿಸಿದ್ದೇನೆ. ಇಲ್ಲಿ ಮಾತ್ರ ಆ ಪೂಜೆಗೂ ಆ ಕೈಗೂ ನಿಜವಾಗಿ ಸಂಬಂಧವಿದೆ, ಅಕ್ಕ ಹೇಳುವುದಕ್ಕೆ ಪೂರಾ ಉಲ್ಟಾ. ಅದನ್ನು ಹೇಳಹೊರಟರೆ ನನ್ನ ಪಾಲೂ ಹೊರಬೀಳುತ್ತದೆ. ಹಾಗಾಗಿ ಅನ್ನ ಕಲಸುತ್ತ ಕೂತಿರುತ್ತೇನೆ.

ಭಾವನಿಗೂ ನನಗೂ ಪಿಸ್ತೂಲಿನಲ್ಲಿ ಗುರಿ ಹೊಡೆಯುವ ಹವ್ಯಾಸ. ಶೂಟಿಂಗ್ ರೇಂಜಿಗೆ ಹೋಗುವುದು, ಕಾಗದದ ಮೇಲಿನ ವೃತ್ತಗಳಿಗೆ ತೂತು ಮಾಡುವುದು, ಮನೆಗೆ ಬರುವುದು. ತೋಟಾಗಳ ಬೆಲೆ ಏರಿದಾಗ ನಾವೇ ರೀಲೋಡ್ ಮಾಡಿಕೊಳ್ಳೋಣ ಎಂದು ಹಟ ಹಿಡಿದವಳು ನಾನು. ಹಾರಿಸಿದ ಮೇಲೆ ನೆಲಕ್ಕೆ ಬೀಳುವ ಹಿತ್ತಾಳೆಯ ಖಾಲಿ ಕೇಸುಗಳನ್ನು ಆಯ್ದು ತಂದು, ತಳದಲ್ಲಿ ಕಿಡಿ ಹೊತ್ತಿಸುವ ಹೊಸ ಪ್ರೈಮರು ಕೂರಿಸಿ, ಮದ್ದು ತುಂಬಿ, ಮೆಷೀನಿನ ಹಿಡಿಕೆ ಎಳೆದು ಮೇಲೆ ಗುಂಡು ಒತ್ತಿದರೆ ಮತ್ತೆ ತೋಟಾ. ಅಂಗಡಿಯದಕ್ಕಿಂತ ಒಂದೊಂದಕ್ಕೆ ಹತ್ತು ಸೆಂಟು ಅಗ್ಗ.

"ಎಂಟುನೂರು ಡಾಲರ್ ಮೆಷೀನು ತಗೊಂಡು ಹತ್ತು ಸೆಂಟು ಉಳಿಸ್ತೀಯಾ?" ಅಂದರು ಭಾವ.

"ಎಂಟು ಸಾವಿರ ತೋಟಾ ಆದ್ಮೇಲೆ ಎಲ್ಲಾ ಲಾಭಾನೇ ಭಾವ."

"ಅಷ್ಟು ಹೊಡೆಯೋಷ್ಟರಲ್ಲಿ ನಂಗೆ ರಿಟೈರ್ಮೆಂಟು ಕಣಮ್ಮಾ."

ಗೆದ್ದದ್ದು ನಾನೇ. ಸನ್ನಿವೇಲಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಮದ್ದು ಇಡುವಂತಿಲ್ಲವಾದ್ದರಿಂದ ಮೆಷೀನು ಅಕ್ಕನ ಗರಾಜಿಗೆ ಬಂತು. ಅಲ್ಲಿಂದಾಚೆ ನನ್ನ ಶನಿವಾರಗಳೂ ಅಲ್ಲಿಗೇ ಬಂದವು. ಫ್ರೀವೇಯಲ್ಲಿ ತೆವಳಿಕೊಂಡು ಹೋಗಿ, ಕಿಟಕಿಯಿಲ್ಲದ ಗರಾಜಿನಲ್ಲಿ ನಿಂತು, ಹಿಡಿಕೆ ಎಳೆದು ಬಿಡುವುದು, ಎಳೆದು ಬಿಡುವುದು. ನನ್ನ ಲೆಕ್ಕದಲ್ಲಿ ಪೆಟ್ರೋಲಿಗೆ ಕಾಲಂ ಇರಲಿಲ್ಲ, ನನ್ನ ಶನಿವಾರಕ್ಕಂತೂ ಇರಲೇ ಇಲ್ಲ. ಮೂರನೇ ತಿಂಗಳಿಗೇ ಸಾಕೆನಿಸಿತ್ತು. ಬಿಟ್ಟರೆ ಭಾವನ ಮಾತೇ ಸರಿಯಾದಂತೆ. ಬಿಡಲಿಲ್ಲ.

ಇಲ್ಲಿ ಹಬ್ಬಗಳೂ ವಾರಾಂತ್ಯಕ್ಕೆ ಸರಿಯುತ್ತವೆ. ಆ ಸಲದ ಆಯುಧಪೂಜೆಯನ್ನು ಅಕ್ಕ ಶನಿವಾರಕ್ಕೆ ಇಟ್ಟುಕೊಂಡಳು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಶುರು: "ಲೇ, ಇವತ್ತೊಂದಿನ ನಿನ್ನ ವಾದ ಬೇಡ ಕಣೇ. ದೇವರಿಲ್ಲ ದಿಂಡರಿಲ್ಲ ಅಂತ ತೆಗೀಬೇಡ. ಬಾಯಿ ಮುಚ್ಕೊಂಡು ಆರತಿ ತಗೋ."

"ಆಯ್ತು ಮಾರಾಯ್ತಿ. ತುಟಿ ಬಿಚ್ಚಲ್ಲ."

ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮಿಕ್ಸಿಗೂ ಭಾವನ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚಿ ಅಕ್ಕ ನಮ್ಮ ಮೆಷೀನಿನ ಹತ್ತಿರ ಬಂದಳು. ಪಕ್ಕದ ತಟ್ಟೆಯಲ್ಲಿ ಪ್ರೈಮರು ಕೂರಿಸಿದ ಇನ್ನೂರು ಕೇಸುಗಳು ಮದ್ದಿಗಾಗಿ ಬಾಯಿ ತೆರೆದು ನಿಂತಿದ್ದವು. ಹಿಂದಿನ ವಾರ ಮುಚ್ಚದೆ ಹೋದವಳು ನಾನೇ. ಅಕ್ಕ ಹಿಡಿಕೆಗೆ ಹೂವು ಸಿಕ್ಕಿಸಿದಳು. ವೀಳ್ಯದೆಲೆಯನ್ನು ಚೊಂಬಿಗದ್ದಿ ಪ್ರೋಕ್ಷಣೆ ಮಾಡಿದಳು, ಒಂದು ಸಲ, ಎರಡು ಸಲ, ಮೂರು ಸಲ. ಹನಿಗಳು ತಟ್ಟೆಯ ಮೇಲೆ ಬಿದ್ದದ್ದನ್ನು ಕಂಡೆ. ತುಟಿ ಬಿಚ್ಚುವುದಿಲ್ಲ ಎಂದಿದ್ದೆನಲ್ಲ, ಬಿಚ್ಚಲಿಲ್ಲ.

ಊಟವಾದ ಮೇಲೆ ಭಾವ ಗರಾಜಿಗೆ ಬಂದು ದನಿ ತಗ್ಗಿಸಿದರು. "ನೀರು ಬಿತ್ತಲ್ಲಮ್ಮ ಅದ್ರೊಳಗೆ. ಎಸೆದ್ಬಿಡೋಣ. ನಿಮ್ಮಕ್ಕಂಗೆ ಹೇಳೋದೇನೂ ಬೇಡ, ಬೇಜಾರು ಮಾಡ್ಕೋತಾಳೆ."

"ನಾಲ್ಕು ಹನಿ ಭಾವ. ವಾರ ಬಿಟ್ರೆ ಒಣಗುತ್ತೆ."

"ಹೋಗೋದು ಇಪ್ಪತ್ತು ಡಾಲರ್ ತಾನೆ?"

"ಇವತ್ತು ಇಪ್ಪತ್ತು. ಹಿಂಗೇ ಎಸೀತಾ ಹೋದ್ರೆ ಅಸಲು ಹುಟ್ಟೋದು ಯಾವಾಗ? ಒಳಗೆ ನೀರು ಹೋಗಿದೆ ಅನ್ನೋಕೆ ಏನು ಪ್ರೂಫ್ ಇದೆ ನಿಮ್ಮತ್ರ?"

"ಹೋಗಿಲ್ಲ ಅನ್ನೋಕೆ ನಿನ್ನತ್ರ ಏನಿದೆ?"

"ಹೋಗಿದೆ ಅಂತಿರೋದು ನೀವು. ತೋರಿಸಬೇಕಾದೋರೂ ನೀವೇ."

ಸ್ಪರ್ಧೆಗಳಲ್ಲಿ ಇದು ನನ್ನ ಹಳೆಯ ಪಟ್ಟು. ಭಾವ ಕೈಮುಗಿದರು. "ನಿನ್ನತ್ರ ವಾದ ಮಾಡೋದೂ ಒಂದೇ, ಗೋಡೆಗೆ ಹಣೆ ಚಚ್ಕೊಳ್ಳೋದೂ ಒಂದೇ. ಆಯ್ತು ತಾಯಿ."

ಮುಂದಿನ ಶನಿವಾರ ಮದ್ದು ತುಂಬುವಾಗ ಏಳೆಂಟು ಕೇಸುಗಳೊಳಗೆ ಟಾರ್ಚು ಬಿಟ್ಟು ನೋಡಿದೆ. ಒಂದರ ತಳದಲ್ಲಿ ಏನೋ ಮಿನುಗಿದಂತಾಯಿತು. ಹಿತ್ತಾಳೆಯೋ ನೀರೋ ತಿಳಿಯಲಿಲ್ಲ. ಅಷ್ಟರಲ್ಲಿ ಭಾವ "ಏನಮ್ಮ ನೋಡ್ತಿದ್ದೀಯ?" ಅಂದರು. "ಏನಿಲ್ಲ" ಎಂದು ಟಾರ್ಚು ಆರಿಸಿದೆ. ಎಲ್ಲ ಇನ್ನೂರಕ್ಕೂ ಮದ್ದು ಬಿತ್ತು.

ಮರುದಿನ ರೇಂಜಿನಲ್ಲಿ ಮೊದಲು ನಿಂತವರು ಭಾವ. ನಾನು ಅವರ ಹಿಂದೆ, ಎರಡು ಹೆಜ್ಜೆ ದೂರ. ಹತ್ತು ತೋಟಾ ಸರಿಯಾಗಿ ಹಾರಿದವು. ಹನ್ನೊಂದನೆಯದು ಢಂ ಅನ್ನಲಿಲ್ಲ, ಪುಸ್ ಅಂದಿತು. ಸದ್ದು ತಡೆಯಲು ಕಿವಿಗೆ ಹಾಕಿಕೊಂಡಿದ್ದ ಮುಚ್ಚಳದ ಒಳಗೂ ಆ ವ್ಯತ್ಯಾಸ ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಕಾಗದದ ಮೇಲೆ ಹೊಸ ತೂತಿಲ್ಲ. ನಿಲ್ಲಿಸಿ ಅನ್ನಬೇಕಿತ್ತು. ಅಂದರೆ ಯಾಕೆಂದು ಕೇಳುತ್ತಾರೆ, ಯಾಕೆಂದು ನನಗೆ ಗೊತ್ತಿತ್ತು. ಭಾವ ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಕೈಯಿಂದ ಹಿಂದಕ್ಕೆಳೆದು ಇನ್ನೊಂದು ತೋಟಾ ಏರಿಸಿದರು, ಪಿಸ್ತೂಲು ಎತ್ತಿದರು. ಕೂಗಿದ್ದು ನಾನಲ್ಲ, ಅಲ್ಲಿನ ಮೇಲ್ವಿಚಾರಕ. ಆತ ಓಡಿ ಬಂದು ಭಾವನ ಭುಜ ಹಿಡಿದ.

ಪಿಸ್ತೂಲು ಬಿಚ್ಚಿ ನೋಡಿದರೆ ಹನ್ನೊಂದನೆಯ ಗುಂಡು ನಳಿಕೆಯ ನಡುವೆ ಸಿಕ್ಕಿಕೊಂಡಿತ್ತು. ಮದ್ದು ಸರಿಯಾಗಿ ಹೊತ್ತಿರಲಿಲ್ಲ. ಅದರ ಹಿಂದೆ ಇನ್ನೊಂದು ಹೋಗಿದ್ದರೆ ನಳಿಕೆ ಕೈಯಲ್ಲೇ ಸಿಡಿಯಬಹುದಿತ್ತು ಎಂದು ಆತ ತನ್ನ ಬೆರಳುಗಳನ್ನು ಮಡಚಿ ತೋರಿಸಿದ. ಮಿಕ್ಕ ತೋಟಾಗಳನ್ನೆಲ್ಲ ನಾಶ ಮಾಡಲು ಅಲ್ಲೇ ಕೊಟ್ಟು ಬಂದೆವು.

ಮನೆಯಲ್ಲಿ ಭಾವ ಅಕ್ಕನಿಗೆ ಗುಂಡು ಸಿಕ್ಕಿಕೊಂಡದ್ದನ್ನಷ್ಟೇ ಹೇಳಿದರು. ನೀರಿನ ಸುದ್ದಿ ಎತ್ತಲಿಲ್ಲ, ನನ್ನ ವಾದದ ಸುದ್ದಿಯನ್ನೂ ಎತ್ತಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅವರು ಬೈಯಲೂ ಇಲ್ಲ. ಮುಂದಿನ ಶುಕ್ರವಾರ ಸಂಜೆ ಫೋನು ಮಾಡಿ "ನಾಳೆ ಬರ್ತೀಯಲ್ಲಮ್ಮ? ಎಂಟು ಸಾವಿರ ಆಗ್ಬೇಕಲ್ಲ" ಅಂದರು. ಅದು ಕುಹಕವೋ ಅಲ್ಲವೋ ದನಿಯಲ್ಲಿ ಗೊತ್ತಾಗಲಿಲ್ಲ. ಬರಲ್ಲ ಅನ್ನುವ ಬಾಯಿ ನನಗಿರಲಿಲ್ಲ. ಈಗಲೂ ಹೋಗುತ್ತೇನೆ. ಅವರು ಪ್ರೈಮರು ಎಣಿಸಿ ಕೊಡುತ್ತಾರೆ, ನಾನು ಹಿಡಿಕೆ ಎಳೆಯುತ್ತೇನೆ, ಒಂದೊಂದು ಕೇಸನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ಇಬ್ಬರೂ ಆ ಭಾನುವಾರದ ಮಾತೆತ್ತುವುದಿಲ್ಲ.

ಹೋದ ವಾರ ತಡೆಯಲಾಗದೆ ಹಿಡಿಕೆ ಬಿಟ್ಟು ನಿಂತೆ.

"ಭಾವ, ಆ ಸದ್ದು ನಿಮಗೂ ಕೇಳಿಸಿರುತ್ತೆ. ಆದ್ರೂ ಇನ್ನೊಂದು ತೋಟಾ ಏರಿಸಿದ್ರಿ. ನಿಜ ಹೇಳಿ, ನಿಮಗೆ ಗೊತ್ತಾಗ್ಲಿಲ್ವಾ, ಇಲ್ಲಾ ನೀರು ಒಣಗುತ್ತೆ ಅಂದ ನನ್ನ ಮಾತು ನಂಬಿದ್ರಾ?"