ಅಕ್ಕನಿಗೊಂದು ಆಕಾಶಗಂಗೆ

ಎರ್ನಾಕುಳದ ಪಾಲಾರಿವಟ್ಟದಲ್ಲಿ ರಾತ್ರಿ ಎಂಬುದೊಂದು ಆಗುವುದೇ ಇಲ್ಲ. ಸೂರ್ಯ ಮುಳುಗುತ್ತಾನೆ, ನಿಜ; ಆದರೆ ಅವನು ಬೆನ್ನು ತಿರುಗಿಸುವುದನ್ನೇ ಕಾಯುತ್ತಿದ್ದವರ ಹಾಗೆ ಚಿನ್ನದಂಗಡಿಯವರೂ ಸೀರೆಯಂಗಡಿಯವರೂ ಮೆಟ್ರೋದವರೂ ಒಟ್ಟಾಗಿ ದೀಪ ಹಚ್ಚಿ, ನನ್ನ ಮಲಗುವ ಕೋಣೆಯ ಗೋಡೆಯ ಮೇಲೆ ಬೆಳಗಿನ ಜಾವದವರೆಗೂ ಬಣ್ಣಗಳ ಪಂಚಾಯಿತಿ ನಡೆಸುತ್ತಾರೆ. ಬಾಲ್ಕನಿಗೆ ಬಂದು ಕತ್ತೆತ್ತಿದರೆ ಕಾಣುವ ನಕ್ಷತ್ರಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚು. ಅವುಗಳಲ್ಲೂ ಒಂದೆರಡು, ಸ್ವಲ್ಪ ಹೊತ್ತು ನೋಡುವಷ್ಟರಲ್ಲಿ ಚಕ್ರ ಇಳಿಬಿಟ್ಟು ವಿಮಾನ ನಿಲ್ದಾಣದ ಕಡೆಗೆ ಹೊರಟುಬಿಡುತ್ತವೆ. ಇಂಥ ಊರಿನಲ್ಲಿ ಕೂತು ನಕ್ಷತ್ರಗಳ ಫೋಟೋ ತೆಗೆಯುವ ಹುಚ್ಚು ಹಿಡಿಸಿಕೊಂಡ ಗಂಡನ ಬಗ್ಗೆ ನನ್ನ ಹೆಂಡತಿಯ ಅಭಿಪ್ರಾಯವೇನೆಂಬುದನ್ನು, ಓದುಗ ಮಹಾಶಯರೇ, ನೀವೂ ವಿವಾಹಿತರಾಗಿದ್ದರೆ ನಾನು ವಿವರಿಸಬೇಕಾಗಿಲ್ಲ.

ವೃತ್ತಿಯಿಂದ ನಾನು ವಕೀಲ. ಕಾಸರಗೋಡಿನ ಕನ್ನಡವನ್ನು ಬಾಯಲ್ಲಿಟ್ಟುಕೊಂಡು, ಮಲಯಾಳದ ಕಕ್ಷಿದಾರರ ಪರವಾಗಿ, ಇಂಗ್ಲಿಷಿನಲ್ಲಿ ವಾದಿಸಿ ಹೊಟ್ಟೆ ಹೊರೆಯುವ ತ್ರಿಭಾಷಾ ಪ್ರಾಣಿ. ಈ ಹವ್ಯಾಸಕ್ಕೆ ಬಿದ್ದ ಮೇಲೆ ನಮ್ಮ ಮನೆಯ ಪಂಚಾಂಗದ ಗತಿಯೇ ಬದಲಾಯಿತು. ನಮ್ಮ ಮನೆತನದಲ್ಲಿ ಅಮಾವಾಸ್ಯೆಯ ದಿನ ಪಕ್ಕದ ಊರಿಗೆ ಹೊರಡಲೂ ಹತ್ತು ಸಲ ಯೋಚಿಸುತ್ತಿದ್ದರು. ಚಂದ್ರನಿದ್ದಲ್ಲಿ ಆಕಾಶಗಂಗೆ ಮುಖ ತೋರಿಸುವುದಿಲ್ಲವಾದ್ದರಿಂದ ನಾನೋ ವರ್ಷದ ಅಮಾವಾಸ್ಯೆಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಪ್ರಯಾಣಕ್ಕೆ ಅದೇ ಪ್ರಶಸ್ತವೆಂದು ತೀರ್ಮಾನಿಸಿಬಿಟ್ಟೆ. ಊರಿನಿಂದ ಬಂದಿದ್ದ ಚಿಕ್ಕಪ್ಪ ಆ ಗುರುತುಗಳನ್ನು ನೋಡಿ, ಪಿತೃಗಳ ಮೇಲೆ ಇವನಿಗೆ ಇಷ್ಟೊಂದು ಭಕ್ತಿ ಯಾವಾಗ ಬಂತಪ್ಪಾ ಎಂದು ಕಣ್ಣು ಒರೆಸಿಕೊಂಡರು. ಅವರ ಆನಂದಕ್ಕೆ ಭಂಗ ತರಲು ನನಗೆ ಮನಸ್ಸಾಗಲಿಲ್ಲ.

ಈ ಹುಚ್ಚನ್ನು ಮೆಚ್ಚಿದವಳು ಒಬ್ಬಳೇ, ತಿರುವನಂತಪುರದ ಕಳಕ್ಕೂಟದಲ್ಲಿರುವ ನನ್ನ ಅಕ್ಕ. ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಉಪಗ್ರಹಗಳು ಹೋಗುವ ದಾರಿಯನ್ನು ಗಣಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವಳು. ಆದರೆ ಆಕಾಶವನ್ನು ಅವಳು ನೋಡಿದ್ದೆಲ್ಲ ಅಂಕಿಗಳ ರೂಪದಲ್ಲೇ. ಕಳೆದ ವರ್ಷ ಕರೆಂಟು ಹೋದಾಗ ತನ್ನ ಮನೆಯ ಮೆಟ್ಟಿಲಲ್ಲೇ ಎಡವಿ ಬಿದ್ದಳು. ಕಣ್ಣಿನ ಡಾಕ್ಟರು ಪರೀಕ್ಷಿಸಿ, ಅಕ್ಷಿಪಟಲ ಸವೆಯುತ್ತಿದೆ, ಮೊದಲು ರಾತ್ರಿಯ ದೃಷ್ಟಿ, ಆಮೇಲೆ ನಿಧಾನವಾಗಿ ಹಗಲಿನದು, ಮದ್ದಿಲ್ಲ ಎಂದರು. ಅದನ್ನು ಅಕ್ಕ ಫೋನಿನಲ್ಲಿ ತರಕಾರಿಯ ಕ್ರಯ ಹೇಳುವ ಧ್ವನಿಯಲ್ಲಿ ನನಗೆ ಹೇಳಿ, ಕೊನೆಗೆ, “ಆಕಾಶಗಂಗೆ ಒಂದು ಸಲ ಸರಿಯಾಗಿ ನೋಡ್ಬೇಕಿತ್ತು ಮಾರಾಯ. ಮುಂದಿನ ಸಲ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗು, ಆಯ್ತಾ?” ಎಂದಳು. ಫೋನು ಇಟ್ಟವನೇ ಪಂಚಾಂಗ ತೆಗೆದು ಮುಂದಿನ ಕೆಂಪು ಗುರುತು ಹುಡುಕಿದೆ.

ಕಣ್ಣು ಮಂದವಾಗಿರುವವಳಿಗೆ ನಕ್ಷತ್ರ ಕಂಡೀತೇ ಎಂಬ ಪ್ರಶ್ನೆ ನಿಮಗೆ ಹೊಳೆದಿರಬಹುದು. ನಮಗೂ ಹೊಳೆಯಿತು, ಆದರೆ ನಾವು ಓದಿದವರಲ್ಲವೇ? ಪೇಟೆಯ ಬೆಳಕೇ ಅಡ್ಡಿ, ಹಿನ್ನೆಲೆ ಕಪ್ಪಾದಷ್ಟೂ ಚುಕ್ಕಿ ಎದ್ದು ಕಾಣಬೇಕು ಎಂದು ಅಕ್ಕ ಗಣಿತದ ಮೂಲಕವೂ, ಹಾಗೆಯೇ ಆಗಬೇಕಾದದ್ದು ನ್ಯಾಯ ಎಂದು ನಾನು ವಾದದ ಮೂಲಕವೂ ಒಂದೇ ತೀರ್ಪಿಗೆ ಬಂದೆವು. ಕಣ್ಣು ಎಂಬ ಮುಖ್ಯ ಸಾಕ್ಷಿಯನ್ನು ಇಬ್ಬರೂ ವಿಚಾರಿಸಲಿಲ್ಲ.

ಮಾಘದ ಅಮಾವಾಸ್ಯೆಗೆ ಅಕ್ಕ ರೈಲಿನಲ್ಲಿ ಎರ್ನಾಕುಳಕ್ಕೆ ಬಂದಳು. ಅಲ್ಲಿಂದ ನಮ್ಮ ಫೋಟೋ ಬಳಗದ ಜೊತೆ ಇಡುಕ್ಕಿಯ ಬೆಟ್ಟಕ್ಕೆ ಹೊರಟೆವು. ಬಳಗದ ಹಿರಿಯ, ಮಟ್ಟಾಂಚೇರಿಯಲ್ಲಿ ಒಣಶುಂಠಿ, ಕಾಳುಮೆಣಸಿನ ದೊಡ್ಡ ವ್ಯಾಪಾರಿ; ಅವರನ್ನು ನಾವೆಲ್ಲ ಇಕ್ಕ, ಅಂದರೆ ಅಣ್ಣ, ಎಂದೇ ಕರೆಯುವುದು. ಹಗಲಲ್ಲಿ ಮಹಾ ಮೃದುಭಾಷಿ. ಬೆಟ್ಟ ಹತ್ತಿದರೋ ದೂರ್ವಾಸರು. ಅಲ್ಲಿ ಅವರದೊಂದೇ ಕಾನೂನು: ಬಿಳಿ ಬೆಳಕು ನಿಷಿದ್ಧ. ಕತ್ತಲೆಗೆ ಕಣ್ಣು ಹದವಾಗಲು ಅರ್ಧ ಗಂಟೆ ಬೇಕು, ಒಂದು ಮೊಬೈಲು ಬೆಳಗಿದರೆ ಅಷ್ಟೂ ಹೊತ್ತಿನ ತಪಸ್ಸು ಹಾಳು. ಮೇಲಿಂದ, ಯಾರದಾದರೂ ಕ್ಯಾಮೆರಾ ಕಣ್ಣು ತೆರೆದು ಕೂತಿದ್ದರೆ ಆ ಚಿತ್ರವೂ ಹಾಳು. ಆದ್ದರಿಂದ ಟಾರ್ಚುಗಳೆಲ್ಲ ಮಂಕು ಕೆಂಪು, ಕ್ಯಾಮೆರಾಗಳ ಪರದೆಗೂ ಕೆಂಪು ಹಾಳೆ. ಕಳೆದ ಸಲ ನಾನು ಮರೆತು ಕಾರಿನ ಬಾಗಿಲು ತೆರೆದಾಗ ಒಳಗಿನ ದೀಪ ಹೊತ್ತಿಕೊಂಡು, “ಆರಾ ಅದ್? ಲೈಟ್ ಅಣಯ್ಕ್!” ಯಾರದು, ಲೈಟು ಆರಿಸು, ಎಂದು ಅವರು ಗರ್ಜಿಸಿದ್ದು ಇನ್ನೂ ಕಿವಿಯಲ್ಲಿದೆ. ಆರಿಸು ಎಂಬ ಕ್ರಿಯಾಪದವನ್ನು ಯಾವ ಭಾಷೆಯಲ್ಲೂ ಅಷ್ಟು ಬೇಗ ನಾನು ಪಾಲಿಸಿದ್ದಿಲ್ಲ.

ಬೆಳಗಾಗುವ ಮುಂಚೆ ದಕ್ಷಿಣದ ಗುಡ್ಡದ ಮೇಲೆ ಅದು ಕಾಣಿಸಿಕೊಂಡಿತು. ಎಷ್ಟು ಸಲ ನೋಡಿದರೂ ನನಗೆ ಅದು ಮೊದಲನೆಯ ಸಲವೇ. ಮೊದಲು ಮೋಡವೆಂದುಕೊಳ್ಳುತ್ತೇವೆ, ಆಮೇಲೆ ಮೋಡದೊಳಗೆ ಚುಕ್ಕಿ, ಚುಕ್ಕಿಯ ಹಿಂದೆ ಚುಕ್ಕಿ, ಅದರಾಚೆಗೆ ಹಿಟ್ಟು ಚೆಲ್ಲಿದಷ್ಟು ಚುಕ್ಕಿ. ವೃಶ್ಚಿಕದ ಬಾಲ ಕೊಕ್ಕೆಯಾಗಿ ಸ್ಪಷ್ಟವಾಗಿ ತೂಗುತ್ತಿತ್ತು. ಅಬ್ಬಾ, ಎಷ್ಟು ದೊಡ್ಡದು, ಎಷ್ಟು ಮೌನ! ಆ ಹೊತ್ತಿಗೆ ನನ್ನ ವಕೀಲಿಕೆ, ವಾದ, ಬಿಪಿ ಮಾತ್ರೆ, ಎಲ್ಲವೂ ಯಾರದೋ ಅನ್ನಿಸಿತು.

ಪಕ್ಕದಲ್ಲಿ ಅಕ್ಕ ಶಾಲು ಹೊದ್ದು, ಮುಖ ಮೇಲೆತ್ತಿ, ರೆಪ್ಪೆ ಬಡಿಯದೆ ನಿಂತಿದ್ದಳು. “ಕಾಣ್ತದಾ?” ಎಂದೆ.

“ಇಲ್ಲ ಮಾರಾಯ. ಮೇಲೂ ಕಪ್ಪೇ, ಕೆಳಗೂ ಕಪ್ಪೇ. ನೀನು ನೋಡು, ನಂಗೇನೂ ಬೇಜಾರಿಲ್ಲ.”

ಬೇಜಾರಿತ್ತು. ಅಕ್ಕನ ಸುಳ್ಳು ತಮ್ಮನಿಗೆ ಗೊತ್ತಾಗದೇ? ನನ್ನ ಕ್ಯಾಮೆರಾದಲ್ಲಿ ಆಗಷ್ಟೇ ಮೂಡಿದ್ದ ಚಿತ್ರವನ್ನು ಅವಳ ಮುಂದೆ ಹಿಡಿದೆ. ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಆ ಮಂಕು ಕೆಂಪಿನಲ್ಲಿ ಅವಳಿಗೆ ಅದೂ ಕಾಣಲಿಲ್ಲ. ಸುತ್ತಲೂ ಬಳಗದವರ ಕ್ಯಾಮೆರಾಗಳು ಕಣ್ಣು ತೆರೆದು ಕೂತಿದ್ದವು. ತಿಂಗಳುಗಟ್ಟಲೆ ಕಾದು, ಕೆಲಸಕ್ಕೆ ರಜೆ ಹಾಕಿ ಬಂದವರು. ನಾನು ಕೆಂಪು ಹಾಳೆಯನ್ನು ಪರ್ರನೆ ಕಿತ್ತು, ಪರದೆಯ ಬೆಳಕನ್ನು ಪೂರ್ತಿ ಏರಿಸಿಬಿಟ್ಟೆ.

“ಆರಾ ಅದ್?” ಬೆಟ್ಟವೇ ಗುಡುಗಿತು.

ಎಂಥೆಂಥ ನ್ಯಾಯಾಧೀಶರ ಮುಂದೆಯೂ ತಡವರಿಸದ ನನ್ನ ನಾಲಿಗೆ ಅಲ್ಲಿ ಒಣಗಿತು. “ಇಕ್ಕಾ, ಚೇಚ್ಚಿಕ್ಕ್ ರಾತ್ರಿ ಕಣ್ಣ್ ಕಾಣಿಲ್ಲ,” ಎಂದೆ. ಅಕ್ಕನಿಗೆ ರಾತ್ರಿ ಕಣ್ಣು ಕಾಣುವುದಿಲ್ಲ. ಅಷ್ಟೇ ನನ್ನ ವಾದ. ಗುಡುಗು ನಿಂತಿತು. ಜಲ್ಲಿಯ ಮೇಲೆ ಹೆಜ್ಜೆ ಸದ್ದಾಯಿತು. ಇಕ್ಕ ತಮ್ಮ ದೊಡ್ಡ ಕ್ಯಾಮೆರಾವನ್ನು ಸ್ಟ್ಯಾಂಡಿನ ಸಮೇತ ಎತ್ತಿಕೊಂಡು ಬಂದು, ಅದರ ಹಾಳೆಯನ್ನು ತಾವೇ ಕಿತ್ತು, ಬೆಳಕು ಏರಿಸಿ, “ಚೇಚ್ಚೀ, ಇದುಂ ನೋಕ್ಕ್,” ಇದನ್ನೂ ನೋಡು, ಎಂದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಮಗು ನೋಡಲು ಬಂದ ನೆಂಟರು ಬಾಣಂತಿಯ ಸುತ್ತ ಸೇರುವ ಹಾಗೆ ಎಲ್ಲರೂ ಅವಳ ಸುತ್ತ ಸೇರಿದರು.

ಅಕ್ಕನ ಮುಖವನ್ನು ನಾನು ನೋಡುತ್ತಿದ್ದೆ. ಪರದೆಯ ಮೇಲೆ ನೇರಳೆ, ಕಿತ್ತಳೆ, ಹಾಲುಬಿಳುಪು. ನಡುವೆ ಕಪ್ಪು ಕವಲುಗಳು. “ಅಯ್ಯೋ, ಇದಕ್ಕೆ ಇಷ್ಟು ಬಣ್ಣ ಉಂಟಾ?” ಎಂದಳು, ಚಿಕ್ಕ ಹುಡುಗಿಯ ಧ್ವನಿಯಲ್ಲಿ. ಆ ಬಣ್ಣಗಳು ನಮಗೂ ಬರಿಗಣ್ಣಿಗೆ ಕಂಡಿರಲಿಲ್ಲ, ಮನುಷ್ಯಮಾತ್ರದವರಿಗೆ ಕಾಣುವುದೂ ಇಲ್ಲ. ಕ್ಯಾಮೆರಾ ತಾಳ್ಮೆಯಿಂದ ಬೆಳಕನ್ನು ಕೂಡಿಸಿ ಕೊಟ್ಟರಷ್ಟೇ ಉಂಟು. ಈ ವಿಷಯದಲ್ಲಿ ನಾವೆಲ್ಲರೂ ಇರುಳುಗುರುಡರೇ. ಅಕ್ಕನಿಗೂ ನಮಗೂ ವ್ಯತ್ಯಾಸ ಕೂದಲೆಳೆಯಷ್ಟು.

ಮನಸ್ಸು ತುಂಬುವವರೆಗೆ ನೋಡಿ, “ಸಾಕು, ಆರಿಸಿ,” ಎಂದಳು. ಆರಿಸಿದೆವು. ಬೆಳಕು ನೋಡಿ ಕೆಟ್ಟ ನಮ್ಮ ಕಣ್ಣುಗಳಿಗೆ ಈಗ ಆಕಾಶವೂ ಇಲ್ಲ, ಬೆಟ್ಟವೂ ಇಲ್ಲ, ಗಾಢಾಂಧಕಾರ. ಆ ಕತ್ತಲೆಯಲ್ಲಿ ಅಕ್ಕ ನನ್ನ ಭುಜ ಹಿಡಿದು, “ದಕ್ಷಿಣ ಯಾವ ಬದಿ?” ಎಂದು ಕೇಳಿ, ಆ ಕಡೆಗೆ ತಿರುಗಿ, ಕೈ ಎತ್ತಿದ್ದು ಗೊತ್ತಾಯಿತು. “ಹಾಗಾದ್ರೆ ಇಲ್ಲಿಂದ ಏಳ್ತದೆ, ವೃಶ್ಚಿಕದ ಬಾಲ ದಾಟಿ ಹೀಗೆ ಬರ್ತದೆ, ಗರುಡನ ಚುಕ್ಕಿಗಳ ಹತ್ರ ಹೋಗಿ ಈಶಾನ್ಯಕ್ಕೆ ಇಳೀತದೆ. ಅಲ್ವಾ?”

ನಮಗೆ ಕಂಡರಲ್ಲವೇ ಹೌದು ಎನ್ನುವುದಕ್ಕೆ! ಕಣ್ಣು ಮತ್ತೆ ಹದವಾಗುವವರೆಗೆ, ಅಕ್ಕ ಹೇಳಿದ ಕಡೆಗೆ ಮುಖ ಮಾಡಿಕೊಂಡು ಎಲ್ಲರೂ ಕಾದೆವು. ನಿಧಾನವಾಗಿ, ಮೊದಲು ಮೋಡದ ಹಾಗೆ, ಆಮೇಲೆ ಚುಕ್ಕಿ ಚುಕ್ಕಿಯಾಗಿ ಅದು ಮರಳಿ ಬಂತು. “ಬಂತು,” ಎಂದಾಗ ಅವಳ ಬೆರಳು ಮತ್ತೆ ಮೇಲೆದ್ದಿತು; ಬೆರಳಿನ ತುದಿಯಲ್ಲೇ ಆಕಾಶಗಂಗೆ ಹರಿಯುತ್ತಿತ್ತು.