ಅಂಚೆಚೀಟಿಯಷ್ಟು ರಂಪಣಿ

ಅಂಕೋಲೆಯ ಬಸ್‌ಸ್ಟ್ಯಾಂಡಿನ ಹಿಂದಿನ ಪ್ರೆಸ್ಸಿನಲ್ಲಿ ಸುಗಂಧಾ ಲಗ್ನಪತ್ರಿಕೆ ಮಾಡುತ್ತಿದ್ದಳು. ಮೊದಲು ಅಚ್ಚಿನ ಮೊಳೆ ಜೋಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ. ಆ ಕಡೆ ಲಗ್ನಪತ್ರಿಕೆಯಲ್ಲಿ ಮದುಮಕ್ಕಳ ಹೆಸರಿಗಿಂತ ಕೆಳಗೆ ಬರುವ ಬಳಗದ ಹೆಸರುಗಳೇ ತೂಕದವು. ಒಬ್ಬ ಸೋದರಮಾವನ ಹೆಸರು ಬಿಟ್ಟುಹೋದರೆ ಸಾಕು, ಅವನು ಊಟದ ಎಲೆಯ ಮುಂದಿನಿಂದ ಎದ್ದು ನಡೆದ ಎಂದೇ ಲೆಕ್ಕ. ಸುಗಂಧಾ ಬಂದವರನ್ನು ಕೂರಿಸಿ, ಇದ್ದವರು ಯಾರು, ಹೋದವರು ಯಾರು, ಮುನಿಸಿಕೊಂಡವರು ಯಾರು ಎಂದು ಕೇಳಿ ಕೇಳಿ, ಎಲ್ಲರನ್ನೂ ಒಂದೇ ಹಾಳೆಯಲ್ಲಿ ಇಡುತ್ತಿದ್ದಳು. ಮೇಲೆ ಗಣಪತಿ, ಪಕ್ಕದಲ್ಲಿ ಬಾಳೆ, ಸುತ್ತ ಬಳ್ಳಿ. ಬೆರಳಿಡುವಷ್ಟು ಜಾಗ ಉಳಿದರೆ ಅಲ್ಲೊಂದು ಕಳಶ. ಅವಳು ಮಾಡಿದ ಕಾರ್ಡಿನಿಂದ ಜಗಳ ಎದ್ದದ್ದನ್ನು ಯಾರೂ ಕೇಳಿರಲಿಲ್ಲ.

ಅವಳ ತವರು ಕಡಲ ದಂಡೆಯ ಹಾರವಾಡ. ಅಪ್ಪ ತೀರಿಕೊಂಡಾಗ ಅವಳೂ ತಮ್ಮ ರೂಪೇಶನೂ ಸಣ್ಣವರು. ದೊಡ್ಡಣ್ಣ ಸೋಮು ಶಾಲೆ ಬಿಟ್ಟು ಊರೇ ಸೇರಿ ದಡಕ್ಕೆ ಎಳೆಯುವ ಅಪ್ಪನ ರಂಪಣಿ ಬಲೆಯ ಯಜಮಾನಿಕೆ ಹೊತ್ತ. ಇವಳನ್ನು ಟೈಪಿಂಗ್ ಕ್ಲಾಸಿಗೆ ಹಾಕಿದವನು ಅವನು, ರೂಪೇಶನನ್ನು ಕಾರವಾರದ ಕಾಲೇಜಿಗೆ ಕಳಿಸಿದವನೂ ಅವನೇ. ತನಗೆ ಇಂಥದು ಬೇಕು ಎಂದು ಅವನು ಬಾಯಿಬಿಟ್ಟು ಕೇಳಿದ್ದು ಮಾತ್ರ ಇಲ್ಲ.

ರೂಪೇಶ ಕಾರವಾರದಲ್ಲಿ ಕಂಪ್ಯೂಟರ್ ಕ್ಲಾಸಿನ ಮಾಸ್ತರನಾದ. ಪಾಠ ಮುಗಿದ ಮೇಲೆ ಒಬ್ಬನೇ ಕೂತು ಒಂದು ವಿಡಿಯೋ ಗೇಮ್ ಕಟ್ಟಿದ. ಅದು ರಂಪಣಿಯ ಆಟ. ದೋಣಿ ಸಮುದ್ರದಲ್ಲಿ ಬಲೆ ಬಿಡುತ್ತ ಅರ್ಧಚಂದ್ರದ ಹಾಗೆ ಸುತ್ತಿ ಬರುತ್ತದೆ. ದಡದಲ್ಲಿ ಎರಡು ಸಾಲು ಜನ ಎರಡು ಹಗ್ಗ ಎಳೆಯುತ್ತಾರೆ. ಒಂದು ಸಾಲು ಜೋರು ಮಾಡಿದರೆ ಬಲೆ ಓರೆಯಾಗಿ ಬಾಂಗಡೆ ಮೀನೆಲ್ಲ ಪಾರು. ಯಾರು ಎಳೆಯಬೇಕು, ಯಾರು ತಡೆಯಬೇಕು ಎಂದು ಕೈಸನ್ನೆ ಮಾಡುವುದಷ್ಟೇ ಆಡುವವನ ಕೆಲಸ. ಹಗ್ಗ ಹಿಡಿದ ಮುಖಗಳೆಲ್ಲ ಹಾರವಾಡದವರವೇ.

೨೦೦೯ರಲ್ಲಿ, ಇಂಥ ಸಣ್ಣ ಆಟಗಳನ್ನು ಮಾರುವ ಹೊರದೇಶದ ಒಂದು ಜಾಲತಾಣ ಇದನ್ನು ತನ್ನ ಅಂಗಡಿಯಲ್ಲಿ ಇಡಲು ಒಪ್ಪಿತು. ರೂಪೇಶ ಓಡಿಕೊಂಡು ಪ್ರೆಸ್ಸಿಗೆ ಬಂದ.

"ಅಕ್ಕಾ, ಅಂಗಡಿಲಿ ಇಡೂಕೆ ಒಂದು ಚಿತ್ರ ಬೇಕು. ಜನ ಅದ್ನ ನೋಡಿಯೇ ಒಳಗೆ ಬರೂದು. ನೀನೇ ಮಾಡ್ಬೇಕು."

"ಲಗ್ನದ ಕಾರ್ಡು ಬಿಟ್ರೆ ನಂಗೆ ಎಂತಾ ಬತ್ತದೆ ಮಾರಾಯಾ?"

"ಇದೂ ಕಾರ್ಡೇ. ಕರೆಯೂದಕ್ಕೇ ಮಾಡೂದಲ್ಲನಾ?"

ಫೋಟೋ ನೋಡಿ ಬರೆಯೋಣ ಎಂದು ಸುಗಂಧಾ ಕ್ಯಾಮೆರಾ ಹಿಡಿದು ದಂಡೆಗೆ ಹೋದಳು. ಫಾರಿನ್ನಿಗೆ ಹೋಗುವ ಚಿತ್ರವಂತೆ ಎಂದು ಕೇರಿಗೆಲ್ಲ ಗೊತ್ತಾಗಿತ್ತು. ಬಲೆ ಎಳೆಯುವಾಗ ಅಂಗಿಯನ್ನೇ ತೊಡದ ಸೋಮು ಅಂದು ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕೈಕಟ್ಟಿ ನಿಂತಿದ್ದ.

"ನಮ್ಮ ಲಗ್ನಕ್ಕೂ ಇಷ್ಟು ನುಣ್ಣಗೆ ಬೋಳಿಸ್ಕಂಡಿರ್ಲಿಲ್ಲ" ಎಂದು ಅವನ ಹೆಂಡತಿ ಲಲಿತಾ ಸೆರಗು ಬಾಯಿಗಿಟ್ಟು ನಕ್ಕಳು.

ಸುಗಂಧಾ ಚಿತ್ರ ಮಾಡಿದಳು. ನಡುವೆ ದೊಡ್ಡದಾಗಿ ಸೋಮು, ಆಚೆ ಈಚೆ ಇಡೀ ಕೇರಿ, ಹಿಂದೆ ಸಮುದ್ರ, ದೋಣಿ, ಮುಳುಗುವ ಸೂರ್ಯ. ಆಟದ ಹೆಸರಿಗೆ ಬಳುಕುವ ಅಕ್ಷರ. ಸುತ್ತ ಶಂಖದ ಅಂಚು. ಯಾರನ್ನೂ ಬಿಟ್ಟಿರಲಿಲ್ಲ.

ರೂಪೇಶ ಚೆಂದವಾಗಿದೆ ಎಂದ. ಆಮೇಲೆ ಅದನ್ನು ಅಂಚೆಚೀಟಿಯಷ್ಟು ಕುಗ್ಗಿಸಿ, ಅಂಗಡಿಯ ಪುಟದಲ್ಲಿ ಬೇರೆ ಆಟಗಳ ಸಾಲಿನಲ್ಲಿಟ್ಟು ತೋರಿಸಿದ. ಜನ ಅಲ್ಲಿ ಕಾಣುವುದು ಅಷ್ಟೇ ಗಾತ್ರದಲ್ಲಿ. ಸುಗಂಧಾ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಬೆಲ್ಲದ ಚೂರಿಗೆ ಇರುವೆ ಮುತ್ತಿದ ಹಾಗೆ ಕಂಡಿತು. ಆಟದ ಹೆಸರು ಬಾಚಣಿಗೆಗೆ ಸಿಕ್ಕಿದ ಕೂದಲಿನಂತೆ.

"ಒಂದೇ ಮುಖ ಸಾಕು ಅಕ್ಕಾ" ಎಂದ ಅವನು.

ಒಂದೇ ಎಂದರೆ ಅದು ದೊಡ್ಡಣ್ಣನದೇ. ಅವಳು ಬಿಳಿ ಅಂಗಿಯ ಸೋಮುವನ್ನೊಬ್ಬನನ್ನೇ ಬರೆದಳು. ರೂಪೇಶ ನೋಡಿದ, ತುಟಿ ಕಚ್ಚಿದ, ತಡೆಯದೆ ನಕ್ಕುಬಿಟ್ಟ.

"ಪಂಚಾಯ್ತಿ ಎಲೆಕ್ಷನ್ನಿಗೆ ನಿಂತಂಗೆ ಕಾಣ್ತ!"

ಅವಳಿಗೂ ಹಾಗೇ ಕಂಡಿತ್ತು. ಚಿತ್ರ ಕೆಟ್ಟದ್ದಲ್ಲ. ಆದರೆ ಅದನ್ನು ನೋಡಿದವನು ಕೈಮುಗಿಯಬಹುದು, ಓಟು ಹಾಕಬಹುದು. ಆಡೋಣ ಎಂದು ಅನ್ನಿಸುವುದಿಲ್ಲ.

"ದೊಡ್ಡಣ್ಣನ್ನ ಬಿಟ್ಟು ಮಾಡು ಹಂಗಾರೆ."

"ಬಿಟ್ಟು? ಅವ ಅಂಗಿ ಹಾಕಂಡು ನಿಂತದ್ನ ನೀ ನೋಡಿದ್ರೆ ಹಿಂಗೆ ಹೇಳ್ತಿರ್ಲಿಲ್ಲ."

ಮನಸ್ಸು ಅಲ್ಲಿಗೇ ಸಿಕ್ಕಿಕೊಂಡಿತು. ಚಿತ್ರ ಸೋತರೆ ತಮ್ಮನ ದುಡಿಮೆ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಅಣ್ಣನನ್ನು ಬಿಟ್ಟರೆ, ಜನ್ಮದಲ್ಲಿ ಒಂದು ಸಲ ಆಸೆಪಟ್ಟವನಿಗೆ ತಂಗಿಯೇ ಎಲೆ ಹಾಕದ ಹಾಗೆ.

ಮುಂದಿನ ಸಲ ಬಲೆ ಬಿಟ್ಟಾಗ ಅವಳು ರಜೆ ಹಾಕಿ ಹೋದಳು. ಹುಡುಗಿಯಾಗಿದ್ದಾಗಿನಿಂದ ಅವಳು ನಿಂತದ್ದು ಹಗ್ಗದ ಸಾಲಿನಲ್ಲೇ. ಈ ಸಲ ನೀರಿಗಿಳಿದು ಸೋಮುವಿನ ಬೆನ್ನ ಹಿಂದೆ ನಿಂತಳು. ಅವನು ಆಗಾಗ ಕೊರಳು ತಿರುಗಿಸಿ ಬಲೆ ನೋಡುತ್ತಿದ್ದ. ಉಳಿದಂತೆ ನೀರಿಗೆ ಬೆನ್ನು, ಜನರಿಗೆ ಮುಖ ಮಾಡಿ ಕೈಸನ್ನೆ. ಅಲ್ಲಿಂದ ಸಮುದ್ರವೇ ಕಾಣುತ್ತಿರಲಿಲ್ಲ. ದಂಡೆಯ ಹಳದಿ ಹೊಯಿಗೆ, ಒದ್ದೆ ಹಗ್ಗ, ತನ್ನ ಕಡೆಗೇ ನೆಟ್ಟ ಕಣ್ಣುಗಳು. ಸಾಲಿನ ಮುಂದೆ ಮೀನು ಮಾರುವ ಗಂಗೂ, ಸೆರಗು ಸಿಕ್ಕಿಸಿ, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ, ಬಾಯಿ ಇಷ್ಟಗಲ ತೆರೆದು ಕೂಗುತ್ತಿದ್ದಳು.

"ಸೋಮೂ, ಕೈ ಎತ್ತಿದ್ದು ಎಂತಕೋ? ನಾವು ಎಳೆಯೂಕೋ, ಕಾಗೆ ಓಡ್ಸೂಕೋ?"

ಸೋಮು ಕೈ ಇಳಿಸಿದ. ಆ ಸಾಲು ತಡೆಯಿತು, ಆಚೆ ಸಾಲು ಎಳೆಯಿತು. ಸುಗಂಧಾ ಅಲ್ಲೇ, ಮೊಣಕಾಲಿಗೆ ತೆರೆ ಬಡಿಯುತ್ತಿದ್ದರೂ, ಅಲುಗದೆ ನಿಂತು ನೋಡಿದಳು.

ಹೊಸ ಚಿತ್ರದಲ್ಲಿ ಇದ್ದದ್ದು ಗಂಗೂವಿನ ಮುಖ, ತೆರೆದ ಬಾಯಿ, ಅವಳ ಮುಷ್ಟಿಯಿಂದ ನೋಡುವವನ ಕಡೆಗೇ ನುಗ್ಗಿ ಬರುವ ದಪ್ಪ ಹಗ್ಗ. ಹಿಂದಿನವರು ಬರೀ ತಲೆಗಳ ಸಾಲು. ಅಂಚಿಲ್ಲ, ಬಳ್ಳಿಯಿಲ್ಲ. ಹೆಸರು ದಪ್ಪಕ್ಷರದಲ್ಲಿ ನೆಟ್ಟಗೆ. ಅಂಚೆಚೀಟಿಯಷ್ಟು ಪ್ರಿಂಟು ತೆಗೆದು ಪ್ರೆಸ್ಸಿನ ಗೋಡೆಗೆ ಅಂಟಿಸಿ, ಬಾಗಿಲ ತನಕ ಹಿಂದೆ ಸರಿದು ನೋಡಿದಳು. ಬಾಯಿ ಕಂಡಿತು, ಹಗ್ಗ ಕಂಡಿತು. ಜಾಲತಾಣದವರು ಉದ್ದನೆಯ ಚಿತ್ರವನ್ನೂ ಅಗಲದ್ದನ್ನೂ ಕೇಳಿದ್ದರು. ಉದ್ದನೆಯದರಲ್ಲಿ ಹಗ್ಗ ಕೆಳಗಿಳಿಯಿತು, ಅಗಲದ್ದರಲ್ಲಿ ಜನ ಹರಡಿಕೊಂಡರು. ಗಂಗೂ ಮೂರರಲ್ಲೂ ಗಂಗೂವೇ.

"ಸಮುದ್ರ ಎಲ್ಲಿ ಅಕ್ಕಾ? ಮೀನಿನ ಆಟಕ್ಕೆ ನೀರೇ ಇಲ್ಲ!" ಎಂದ ರೂಪೇಶ.

"ಸಾಲಲ್ಲಿ ಇಟ್ಟು ನೋಡು."

ಇಟ್ಟ. ಸುತ್ತಲಿನ ಚಿತ್ರಗಳೆಲ್ಲ ನೀಲಿ, ಕಪ್ಪು. ನಡುವೆ ಇದೊಂದೇ ಹೊಯಿಗೆಯ ಹಳದಿ. ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವನು ಹಗ್ಗದ ಮೇಲೆ ಬೆರಳಿಟ್ಟು, "ಹಗ್ಗದಿಂದ ನೀರು ತೊಟ್ಟಿಕ್ಲಿ. ಸಮುದ್ರ ಇತ್ಲಾಗೆ ಅದೆ ಹೇಳಿ ಗೊತ್ತಾಗ್ತದೆ" ಎಂದ. ಅದು ಅವಳಿಗೆ ಹೊಳೆದಿರಲಿಲ್ಲ. ಹನಿಗಳನ್ನು ಬರೆದಾಗ ಚಿತ್ರಕ್ಕೆ ಉಸಿರು ಬಂತು.

ಆದರೆ ಸುದ್ದಿ ಚಿತ್ರಕ್ಕಿಂತ ಮೊದಲೇ ಹೊರಟಿತು. ಗಂಗೂ ಅಂಕೋಲೆ ಮೀನುಪೇಟೆಯಲ್ಲಿ, "ಇನ್ನ್ ಮೇಲೆ ನನ್ನ ಹತ್ರ ಚೌಕಾಸಿ ಮಾಡವ್ರು ಫಾರಿನ್ನಿಗೆ ಬಂದು ಮಾಡಿ!" ಎಂದು ಸಾರಿಬಿಟ್ಟಳು. ಸುಗಂಧಾ ತವರಿಗೆ ಹೋದರೆ ಸೋಮು ಮುಖ ಎತ್ತಲಿಲ್ಲ. "ಬಂದವ್ರಿಗೆ ಊಟ ಹಾಕು" ಎಂದು ಹೆಂಡತಿಗೆ ಹೇಳಿ ಎದ್ದು ಹೋದ. ಬಂದವ್ರು! ಆ ಮನೆಯಲ್ಲಿ ಅವಳು ಎಂದೂ ನೆಂಟಳಾಗಿರಲಿಲ್ಲ.

"ನಾಳೆ ಕಳಿಸ್ಬೇಕು. ದೊಡ್ಡಣ್ಣನ್ನ ಒಂದು ಮೂಲೆಲಿ ಸಣ್ಣಕೆ ಹಾಕ್ಬಿಡ್ವಾ?" ಎಂದ ರೂಪೇಶ, ಅವಳು ಅಂಕೋಲೆಗೆ ಮರಳಿದ ಮೇಲೆ.

"ಮೂಲೆಲಿ? ಅದ್ಕಿಂತ ಬಿಡೂದೇ ವಾಸಿ. ನಾ ಹೋಗಿ ತೋರಿಸ್ತೆ. ಅವ ಬೇಡ ಅಂದ್ರೆ ಇದು ಹೋಗೂದಿಲ್ಲ. ನಿಂಗೆ ಬೇಜಾರಾದ್ರೂ ಸೈ."

ರೂಪೇಶ ದೊಡ್ಡ ಹಾಳೆಯಲ್ಲಿ ಒಂದು ಪ್ರಿಂಟು ತೆಗೆದುಕೊಟ್ಟ.

ಬೆಳಿಗ್ಗೆ ಸೋಮು ದಂಡೆಯಲ್ಲಿ ಬಲೆ ಹರವಿ ಅದರ ಹರಿದ ಕಣ್ಣುಗಳನ್ನು ನೋಡುತ್ತಿದ್ದ. ಸುಗಂಧಾ ದೊಡ್ಡ ಪ್ರಿಂಟನ್ನು ಅವನ ಕೈಗೆ ಕೊಟ್ಟಳು.

"ದೊಡ್ಡಣ್ಣಾ, ಬೈಯೂದಾದ್ರೆ ಆಮೇಲೆ ಬೈ. ಮೊದ್ಲು ನೀರಿನ ಹತ್ರ, ನೀ ನಿಲ್ಲೂ ಜಾಗದಲ್ಲಿ ನಿಂತು ಇದ್ನ ನೋಡು."

"ಗಂಗೂ ಮುಖ ನೋಡೂಕೆ ನೀರಿಗೆ ಬೇರೆ ಹೋಗ್ಬೇಕನಾ?" ಎಂದನಾದರೂ ಹೋದ. ಸಮುದ್ರಕ್ಕೆ ಬೆನ್ನು ಹಾಕಿ, ಹಾಳೆಯನ್ನು ಕೈ ಚಾಚಿ ಹಿಡಿದ. ಒಮ್ಮೆ ಹಾಳೆ ನೋಡಿದ, ಒಮ್ಮೆ ಅದರಾಚೆಗಿನ ಹೊಯಿಗೆ ನೋಡಿದ.

"ಇದ್ರಲ್ಲಿ ನಾ ಎಲ್ಲಿದ್ದೆ?"

"ನೋಡ್ತಾ ಇದ್ದವ ನೀನೇ ಅಣ್ಣಾ. ಈ ಆಟ ಯಾರೇ ಆಡ್ಲಿ, ನಿನ್ನ ಜಾಗದಲ್ಲಿ ನಿಂತೇ ಆಡ್ಬೇಕು. ನಿನ್ನ ಕೈಯೇ ಅವ್ರ ಕೈ. ಅಲ್ಲಿ ನಿನ್ನ ಮುಖ ಬರೆದ್ರೆ ಅವ್ರು ಎಲ್ಲಿ ನಿಲ್ಲೂದು?"

ತೆರೆ ಬಂದು ಸೋಮುವಿನ ಕಾಲು ತೋಯಿಸಿ ಹೋಯಿತು. ಸುಗಂಧಾ ಕಾದಳು. ಅವಸರ ಮಾಡಿದರೆ ಬಲೆಯೂ ಬರುವುದಿಲ್ಲ, ಅಣ್ಣನ ಮಾತೂ ಬರುವುದಿಲ್ಲ.

"ಹಂಗಾರೆ," ಎಂದ ಕೊನೆಗೆ, ಹಾಳೆಯಿಂದ ಕಣ್ಣು ತೆಗೆಯದೆ, "ಅಲ್ಲೆಲ್ಲೋ ಕೂತವ ಆಡಿದ್ರೂ, ನಂಗೆ ಬೈದಂಗೇ ಗಂಗೂ ಅವ್ನಿಗೂ ಬೈತದೆ?"

"ಬೈತದೆ."

"ಕೈ ತಪ್ಪಿದ್ರೆ?"

"ಜೋರು ಬೈತದೆ. ರೂಪೇಶ ಗಂಗೂನ ಕೂಗನ್ನೂ ಆಟದಲ್ಲಿ ಹಾಕಿದ್ದ."

ಸೋಮುವಿನ ಭುಜ ಅಲುಗಿತು. ನಗು ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ ಬಂತು. ಕಣ್ಣೊರೆಸಿಕೊಂಡು ಅವನು ಹಾಳೆಯನ್ನು ತಂಗಿಯ ಕೈಗಿತ್ತ.

"ಕಳ್ಸು ಸುಗಂಧಾ, ಕಳ್ಸು. ನಾ ಇಷ್ಟು ವರ್ಷ ಎಂತಾ ಅನುಭವಿಸ್ದೆ ಹೇಳಿ ನಾಲ್ಕು ಜನಕ್ಕಾದ್ರೂ ಗೊತ್ತಾಗ್ಲಿ."